ಒಲೆ ಇರೋ ರೂಮು

ಕಾರಿನ ಡಿಕ್ಕಿ ತೆಗೆದು ನೋಡಿದ ನನ್ನ ಹೆಂಡತಿ ಒಂದು ನಿಮಿಷ ಮಾತೇ ಆಡಲಿಲ್ಲ. ಆಮೇಲೆ ನನ್ನ ಕಡೆ ತಿರುಗಿ, "ನಾವು ಮೂರು ದಿನಕ್ಕೆ ಹೋಗ್ತಿರೋದಾ, ಇಲ್ಲಾ ಮನೆ ಶಿಫ್ಟ್ ಮಾಡ್ತಿರೋದಾ?" ಅಂತ ಮೆತ್ತಗೆ ಕೇಳಿದಳು.

ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ನಮ್ಮ ಎರಡು ಸೂಟ್‌ಕೇಸು, ಮಗಳ ಒಂದು ಬ್ಯಾಗು ಬಿಟ್ಟರೆ ಉಳಿದಿದ್ದೆಲ್ಲ ಅಮ್ಮನ ಸಾಮಾನು. ಎರಡು ಕೆಜಿ ರಾಗಿ ಹಿಟ್ಟು, ಸಾರಿನ ಪುಡಿ ಡಬ್ಬ, ತೊಗರಿಬೇಳೆ, ಹುಣಸೆಹಣ್ಣು, ನಾಲ್ಕು ತೆಂಗಿನಕಾಯಿ, ಮೂರು ಲೀಟರಿನ ಅಲ್ಯುಮಿನಿಯಂ ಕುಕ್ಕರ್. ಇದೆಲ್ಲದರ ಮೇಲೆ ಅಪ್ಪನ ಹಳೇ ಪಂಚೆಯಲ್ಲಿ ಮಗುವಿನ ಹಾಗೆ ಸುತ್ತಿಟ್ಟ ಒಂದು ಮುದ್ದೆ ಕೋಲು.

ಅದು 2023ರ ನವೆಂಬರ್. ರಾಜ್ಯೋತ್ಸವದ ರಜೆಗೆ ಅರಸೀಕೆರೆ ಹತ್ತಿರದ ನಮ್ಮ ಹಳ್ಳಿಗೆ ಬಂದವರು, ಮಾರನೇ ದಿನ ಗುರುವಾರ ಬೆಳಿಗ್ಗೆ ಅಪ್ಪ ಅಮ್ಮನನ್ನೂ ಕೂರಿಸಿಕೊಂಡು ಮಡಿಕೇರಿಗೆ ಹೊರಟಿದ್ದೆವು. ಇಬ್ಬರಿಗೂ ರೆಸಾರ್ಟ್ ಅನ್ನೋದು ಜೀವನದಲ್ಲೇ ಮೊದಲು. ನನಗೆ ಕೆಲಸ ಸಿಕ್ಕಿ ಹದಿನೈದು ವರ್ಷ ಆಗಿತ್ತು. ಇಷ್ಟು ದಿನ ಯಾಕೆ ಕರ್ಕೊಂಡು ಹೋಗಿರಲಿಲ್ಲ ಅಂದ್ರೆ ನನ್ನ ಹತ್ರ ಉತ್ತರ ಇಲ್ಲ. ಪ್ರತಿ ವರ್ಷ ಏನೋ ಒಂದು ರಿಲೀಸ್ ಇರ್ತಿತ್ತು.

ರೂಮು ಹುಡುಕುವಾಗ ನಾನೊಂದು ಬುದ್ಧಿವಂತಿಕೆ ಮಾಡಿದ್ದೆ. ಆಪ್‌ನಲ್ಲಿ "ಕಿಚನೆಟ್" ಅಂತ ಒಂದು ಫಿಲ್ಟರ್ ಇರುತ್ತೆ, ಅದನ್ನ ಒತ್ತಿದ್ದೆ. ಎರಡು ಬೆಡ್‌ರೂಮು, ಒಂದು ಬಾಲ್ಕನಿ, ಮೂಲೆಯಲ್ಲಿ ಒಂದು ಪುಟ್ಟ ಅಡುಗೆಮನೆ. ದಿನಕ್ಕೆ 8,900 ರೂಪಾಯಿ, ಬೆಳಗಿನ ತಿಂಡಿ ಸೇರಿ. ಅಪ್ಪನಿಗೆ ಎಂಟು ವರ್ಷದಿಂದ ಸಕ್ಕರೆ ಕಾಯಿಲೆ. ಮುದ್ದೆ ಬೇಕು, ಅದೂ ಹೊತ್ತಿಗೆ ಸರಿಯಾಗಿ ಬೇಕು. ಬೇಕಾದ್ರೆ ರೂಮಲ್ಲೇ ಮಾಡ್ಕೋಬಹುದು, ಬೇಡ ಅಂದ್ರೆ ಹೊರಗೆ ತಿನ್ನಬಹುದು. ಎರಡು ಥರದ ಯೂಸರ್‌ಗಳ ರಿಕ್ವೈರ್‌ಮೆಂಟು ಒಂದೇ ರಿಲೀಸ್‌ನಲ್ಲಿ ಮುಗಿಸಿಬಿಟ್ಟೆ ಅಂತ ಒಳಗೊಳಗೇ ಬೀಗಿದ್ದೆ.

ಎಕ್ಸೆಲ್ ಶೀಟನ್ನೂ ಮಾಡಿದ್ದೆ. ರೆಸಾರ್ಟಿನ ಬಫೆ ಮಧ್ಯಾಹ್ನಕ್ಕೆ ತಲೆಗೆ 750, ರಾತ್ರಿಗೆ 850. ಮಗಳಿಗೆ ಅರ್ಧ. ನಾಲ್ಕೂವರೆ ಜನಕ್ಕೆ ದಿನಕ್ಕೆ 7,200. ಇದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ. ಬೀದಿಯ ಸಾಧಾರಣ ಹೋಟೆಲಲ್ಲಿ ತಿಂದರೆ 5 ಪರ್ಸೆಂಟು. ರೂಮಿನ ಬಾಡಿಗೆ ದಿನಕ್ಕೆ 7,500 ದಾಟಿದ ಹೋಟೆಲೊಳಗೆ ಕೂತು ತಿಂದರೆ ಅದೇ ಅನ್ನಕ್ಕೆ 18 ಪರ್ಸೆಂಟು. ಮೂರು ದಿನಕ್ಕೆ ಒಟ್ಟು 25,488 ರೂಪಾಯಿ.

ಈ ಲೆಕ್ಕವನ್ನ ಅಪ್ಪನ ಎದುರು ಬಾಯಿಬಿಟ್ಟಿದ್ದೇ ತಪ್ಪಾಯ್ತು. ಆ ವರ್ಷ ಉಂಡೆ ಕೊಬ್ಬರಿಗೆ ಸರ್ಕಾರದ ಬೆಂಬಲ ಬೆಲೆ ಕ್ವಿಂಟಾಲಿಗೆ 11,750 ಇತ್ತು. ಅಪ್ಪ ಮನಸ್ಸಲ್ಲೇ ಭಾಗಾಕಾರ ಮಾಡಿ, "ಎರಡು ಕ್ವಿಂಟಾಲ್ ಕೊಬ್ಬರಿ ತಿಂದುಬಿಟ್ಟು ಬರಣ ಅಂತೀಯಾ?" ಅಂದರು. ಕಾಯಿ ಕಿತ್ತು, ಅಟ್ಟಕ್ಕೆ ಏರಿಸಿ, ಹತ್ತು ಹನ್ನೊಂದು ತಿಂಗಳು ಒಣಗಿಸಿ, ಸುಲಿದು, ಒಡೆದು, ಮಾರ್ಕೆಟ್ಟಿಗೆ ಹಾಕಿದರೆ ಕೊಬ್ಬರಿ ದುಡ್ಡು. ಅದನ್ನ ಮೂರು ದಿನದಲ್ಲಿ ಉಣ್ಣೋದು ಅಂದ್ರೆ ಅಪ್ಪನಿಗೆ ಅನ್ನ ಇಳಿಯೋ ಮಾತಲ್ಲ. ಅಮ್ಮ ಬಾಗಿಲ ಸಂದಿಯಲ್ಲಿ ನಿಂತು ಇದನ್ನ ಕೇಳಿಸಿಕೊಂಡಿದ್ದರು. ನನ್ನನ್ನ ಕೇಳಿದ್ದು ಒಂದೇ ಪ್ರಶ್ನೆ.

"ಅಲ್ಲಿ ಒಲೆ ಐತಾ?"

"ಇದೆ ಕಣಮ್ಮ."

ಅಷ್ಟೇ. ಡಿಕ್ಕಿ ತುಂಬಿತು.

*

ಗುರುವಾರ ಮಧ್ಯಾಹ್ನದ ಊಟಕ್ಕೆ ತೊಂದರೆ ಇರಲಿಲ್ಲ, ಬುತ್ತಿ ಇತ್ತು. ಹಾಸನ, ಅರಕಲಗೂಡು ದಾಟಿ ರಾಮನಾಥಪುರದಲ್ಲಿ ಕಾರು ನಿಲ್ಲಿಸಿ, ಕಾವೇರಿ ದಡದ ಮೆಟ್ಟಿಲ ಮೇಲೆ ಕೂತು ಪುಳಿಯೋಗರೆ, ಮೊಸರನ್ನ ತಿಂದೆವು. ಮಗಳು ಅನ್ನ ತಿಂದಿದ್ದಕ್ಕಿಂತ ಮೀನಿಗೆ ಹಾಕಿದ್ದೇ ಜಾಸ್ತಿ. ನನ್ನ ಹೆಂಡತಿಯೂ ಎರಡು ಸಲ ಹಾಕಿಸಿಕೊಂಡಳು. ಅಮ್ಮನ ಪುಳಿಯೋಗರೆ ವಿಷಯದಲ್ಲಿ ನಮ್ಮ ಮನೆಯಲ್ಲಿ ವಿರೋಧ ಪಕ್ಷ ಇಲ್ಲ.

ಜಗಳ ಅಂತ ಏನಾದ್ರೂ ಶುರುವಾಗಿದ್ದರೆ ಅದು ರಾತ್ರಿಯ ಬಫೆಯಿಂದ. ಮೊದಲ ದಿನ ಎಲ್ಲರೂ ಸುಸ್ತಾಗಿದ್ದೇವೆ, ಅಲ್ಲೇ ಉಣ್ಣೋಣ ಅಂತ ನಾನೇ ಅಂದಿದ್ದೆ. ಊರಲ್ಲಿ ಅಪ್ಪ ಏಳೂವರೆಗೆಲ್ಲ ಉಂಡು ಕೈ ತೊಳೆದಿರ್ತಾರೆ. ಇಲ್ಲಿ ಡಿನ್ನರ್ ಬಾಗಿಲು ತೆಗೆಯೋದೇ ಎಂಟಕ್ಕೆ. ಅಲ್ಲಿವರೆಗೂ ಅಪ್ಪ ಲಾಬಿಯ ಸೋಫಾದ ತುದಿಯಲ್ಲಿ ಕೂತು ಮಾರಿ ಬಿಸ್ಕತ್ತು ತಿಂದರು. ಒಳಗೆ ಹೋದಮೇಲೆ ಸಾಲಾಗಿ ಇಟ್ಟಿದ್ದ ಪಾತ್ರೆಗಳ ಮುಚ್ಚಳ ಒಂದೊಂದೇ ಎತ್ತಿ ನೋಡಿ, "ಮುದ್ದೆ ಇಲ್ವಾ?" ಅಂತ ಕೇಳಿದರು. ಬಿಳಿ ಟೋಪಿಯ ಹುಡುಗ ಹಿಂದಿಯಲ್ಲಿ ಏನೋ ಹೇಳಿ ರುಮಾಲಿ ರೋಟಿ ತೋರಿಸಿದ. ಅಪ್ಪ ಅದನ್ನ ಬಿಡಿಸಿ ನೋಡಿ, ಮತ್ತೆ ಮಡಚಿ, ತಿಂದರು.

ಅಮ್ಮ ಖಾಲಿ ತಟ್ಟೆ ಎದೆಗೆ ಒತ್ತಿ ಹಿಡಿದುಕೊಂಡು ಒಂದು ಪಕ್ಕಕ್ಕೆ ನಿಂತಿದ್ದರು.

"ಯಾಕಮ್ಮ? ಹಾಕ್ಕೋ."

"ತಟ್ಟೆ ಹಿಡ್ಕಂಡು ನಿಂತ್ಕಳದು ಒಂಥರಾ ಆಯ್ತದೆ ಕಣೋ. ಇಲ್ಲಿ ಯಾರೂ ಬಡಿಸಲ್ವಾ?"

"ಇಲ್ಲಮ್ಮ, ನಾವೇ ಹಾಕ್ಕೋಬೇಕು. ಎಷ್ಟು ಬೇಕಾದ್ರೂ ಹಾಕ್ಕೋಬಹುದು."

"ನಾವೇ ಹಾಕ್ಕಳದು ಮನೆಲೂ ಐತಲ್ಲ."

ಕೊನೆಗೆ ಅಮ್ಮ ತಿಂದಿದ್ದು ಒಂದು ಹಿಡಿ ಮೊಸರನ್ನ, ಒಂದು ಹೋಳು ಉಪ್ಪಿನಕಾಯಿ. ತೆರಿಗೆ ಸೇರಿ 1,003 ರೂಪಾಯಿಯ ಮೊಸರನ್ನ. ನಾನು ಆ ಲೆಕ್ಕವನ್ನ ಬಾಯಿಬಿಟ್ಟು ಹೇಳಲಿಲ್ಲ, ಒಂದು ಪಾಠ ಆಗಲೇ ಕಲಿತಿದ್ದೆ.

*

ಮಾರನೇ ದಿನ ಬೆಳಿಗ್ಗೆ ಐದೂವರೆಗೆ ಪಾತ್ರೆ ಸದ್ದಿಗೆ ಎಚ್ಚರ ಆಯ್ತು. ಹೊರಗೆ ಬಂದರೆ ಅಮ್ಮ ಕುಕ್ಕರನ್ನ ಇಂಡಕ್ಷನ್ ಒಲೆ ಮೇಲಿಟ್ಟು, ಒಲೆ ಕುಯ್ ಕುಯ್ ಅಂತ ಕಿರುಚೋದನ್ನ ನೋಡ್ತಾ ನಿಂತಿದ್ದರು. ಪಕ್ಕದಲ್ಲಿ ನನ್ನ ಹೆಂಡತಿ, ಇನ್ನೂ ಕಣ್ಣು ಸರಿಯಾಗಿ ಬಿಟ್ಟಿಲ್ಲ, ಈರುಳ್ಳಿ ಹೆಚ್ಚುತ್ತಿದ್ದಾಳೆ.

"ಇದಕ್ಕೆ ಅಲ್ಯುಮಿನಿಯಂ ಆಗಲ್ಲ ಅತ್ತೆ. ಅಯಸ್ಕಾಂತ ಅಂಟೋ ಅಂಥ ಪಾತ್ರೆನೇ ಬೇಕು."

"ಒಲೆಗೂ ಜಾತಿ ಬಂತಾ ಹಂಗಾರೆ?" ಅಂದರು ಅಮ್ಮ.

ರೂಮಲ್ಲಿದ್ದ ತೆಳ್ಳನೆ ಸ್ಟೀಲ್ ಪಾತ್ರೆಯಲ್ಲೇ ಉಪ್ಪಿಟ್ಟಾಯ್ತು. ತಿಂಡಿ ರೂಮಿನ ದುಡ್ಡಲ್ಲೇ ಸೇರಿದೆ, ಕೆಳಗೆ ಹೋದರೆ ಇಡ್ಲಿ ದೋಸೆ ಪೂರಿ ಎಲ್ಲ ಇದೆ ಅಂತ ಹೇಳಿದರೂ ಅಮ್ಮನ ತಲೆಗೆ ಹೋಗಲಿಲ್ಲ. "ಒಲೆ ಕೊಟ್ಟವ್ರೆ, ಹಚ್ಚದೆ ಇದ್ರೆ ಹೆಂಗೆ?"

ನಾನು ಕಾಫಿ ಲೋಟ ಹಿಡ್ಕೊಂಡು ಬಾಲ್ಕನಿಗೆ ಬಂದೆ. ಎದುರಿಗೆ ಕಾಫಿ ತೋಟ, ಅದರ ಮೇಲೆ ಮಂಜು. ಹಿಂದೆಯೇ ಹೆಂಡತಿ ಬಂದು ಗಾಜಿನ ಬಾಗಿಲು ಎಳೆದಳು. ಅವಳು ಬಾಗಿಲು ಎಳೆದಳು ಅಂದ್ರೆ ವಿಷಯ ಗಂಭೀರ ಅಂತ ಅರ್ಥ.

"ಅಮ್ಮಂಗೆ ಮಾಡಬೇಕು ಅನ್ಸಿದ್ರೆ ಮಾಡ್ಲಿ ಬಿಡೇ, ಅವರಿಗೆ ಅದ್ರಲ್ಲೇ ಖುಷಿ" ಅಂತ ಅವಳು ಬಾಯಿ ತೆಗೆಯೋಕೆ ಮುಂಚೆ ನಾನೇ ಶುರು ಮಾಡಿದೆ.

"ನಿಂಗೆ ಹಂಗನ್ಸುತ್ತೆ. ಅತ್ತೆ ಒಲೆ ಮುಂದೆ ನಿಂತಿರೋವಾಗ ನಾನು ಇಲ್ಲಿ ಕುರ್ಚಿ ಹಾಕ್ಕೊಂಡು ಮಂಜು ನೋಡೋಕಾಗುತ್ತಾ? ನೀನು ಕೂತ್ಕೋಬಹುದು, ಮಾವ ಕೂತ್ಕೋಬಹುದು. ನಾನು ಕೂತ್ರೆ ಅತ್ತೆ ಒಂದ್ ಮಾತೂ ಅನ್ನಲ್ಲ, ನಂಗೊತ್ತು. ಆದ್ರೂ ಕೂರೋಕಾಗಲ್ಲ. ಅವರು ಅಡುಗೆ ಮಾಡಿದ್ರೆ ನಾನೂ ಮಾಡ್ದಂಗೇ. ಇಬ್ಬರ ರಜೆನೂ ಹೋಯ್ತು."

"ಹಾಗಾದ್ರೆ ಮೂರು ದಿನನೂ ಬಫೆನೇ ತಿನ್ನೋಣ."

"ನಾನು ಹಂಗಂದ್ನಾ? ಮಾವನಿಗೆ ಅದು ಆಗಲ್ಲ. ಅತ್ತೆ ನಿನ್ನೆ ಏನ್ ತಿಂದ್ರು ಅಂತ ನೀನೇ ನೋಡಿದ್ಯಲ್ಲ."

"ಮತ್ತೆ ಏನ್ ಮಾಡೋಣ?"

"ಒಲೆ ಇರೋ ರೂಮು ಬುಕ್ ಮಾಡಿದ್ದು ಯಾರು?"

"ನಾನು."

"ಬುಕ್ ಮಾಡಿದವರೇ ಅಡುಗೆ ಮಾಡ್ಲಿ" ಅಂದವಳೇ ಬಾಗಿಲು ತೆಗೆದು ಒಳಗೆ ಹೋದಳು.

ನನಗೆ ಸಿಟ್ಟು ಬಂತು. ಇಷ್ಟೆಲ್ಲ ದುಡ್ಡು ಹಾಕಿ, ರಜೆ ಹಾಕಿ, 200 ಕಿಲೋಮೀಟರ್ ಹತ್ರ ಕಾರು ಓಡಿಸಿ ಕರ್ಕೊಂಡು ಬಂದವನು ನಾನು. ಇದರಲ್ಲಿ ನನ್ನ ತಪ್ಪೇನು? ಮಂಜು ನೋಡ್ತಾ ಕಾಫಿ ಕುಡಿದೆ. ಅರ್ಧ ಲೋಟ ಆದಮೇಲೆ ತಲೆಗೆ ಬಂದ ವಿಷಯ ಏನಂದ್ರೆ, ಆ ಇಡೀ ಕಾಟೇಜಿನಲ್ಲಿ ಮಂಜು ನೋಡ್ತಾ ಕಾಫಿ ಕುಡೀತಿದ್ದವನು ನಾನೊಬ್ಬನೇ.

*

ಶುಕ್ರವಾರ ಮಡಿಕೇರಿಯಲ್ಲಿ ಸಂತೆ. ಅಬ್ಬಿ ಜಲಪಾತಕ್ಕೆ ಹೋಗೋಣ ಅಂತ ನಾನು ಪ್ಲಾನ್ ಹಾಕಿದ್ದೆ. ಸಂತೆ ಕಂಡ ಕೂಡಲೇ ಅಮ್ಮ ಕಾರು ನಿಲ್ಲಿಸು ಅಂದರು. ಆಮೇಲಿನ ಒಂದು ಗಂಟೆ ನಾನು ನೋಡಿದ್ದು ರೆಸಾರ್ಟಿನ ಲಾಬಿಯಲ್ಲಿ ಸೆರಗು ಸರಿಮಾಡಿಕೊಳ್ತಾ ನಿಂತಿದ್ದ ಹೆಂಗಸನ್ನಲ್ಲ. ಸೊಪ್ಪಿನ ಕಂತೆ ತಿರುಗಿಸಿ ಬುಡ ನೋಡೋದು, ಬೀನ್ಸ್ ಮುರಿದು ಸದ್ದು ಕೇಳೋದು, ಹತ್ತು ರೂಪಾಯಿ ಕಮ್ಮಿ ಮಾಡಿಸಿ ಎದ್ದು ಬರೋವಾಗ ಒಂದು ಹಿಡಿ ಹಸಿಮೆಣಸಿನಕಾಯಿ ಪುಕ್ಕಟೆ ಹಾಕಿಸಿಕೊಳ್ಳೋದು. ಕಪ್ಪಗೆ ಗಟ್ಟಿಯಾಗಿದ್ದ ಕಾಚಂಪುಳಿಯ ಬಾಟಲಿ ನೋಡಿ, ಅದೇನು ಅಂತ ಕೇಳಿ, ಒಂದು ತೊಟ್ಟು ನಾಲಿಗೆಗೆ ಹಚ್ಚಿಕೊಂಡು, "ಅಯ್ಯಪ್ಪ, ನಮ್ಮ ಹುಣಸೆಹಣ್ಣು ಇದರ ಮುಂದೆ ಬೆಲ್ಲ" ಅಂದರು. ಹಂದಿ ಮಾಂಸದ ಸಾರಿಗೆ ಹಾಕ್ತಾರೆ ಅಂದ ಅಂಗಡಿಯವನ ಹತ್ರ, ಮೀನಿಗೆ ಹಾಕಬಹುದಾ ಅಂತ ವಿಚಾರಿಸಿ ಒಂದು ಸಣ್ಣ ಬಾಟಲಿ ತಗೊಂಡರು.

ಮಧ್ಯಾಹ್ನದ ಊಟಕ್ಕೆ ಪೇಟೆಯಲ್ಲೇ ಒಂದು ಚಿಕ್ಕ ಹೋಟೆಲಿಗೆ ಹೋದೆವು. ಆರು ಟೇಬಲ್ಲು, ಗೋಡೆ ಮೇಲೆ ಕ್ಯಾಲೆಂಡರು, ಗಲ್ಲಾದಲ್ಲಿ ಯಜಮಾನ, ಬಡಿಸೋಕೆ ಅವನ ಹೆಂಡತಿ. ಕಡಂಬುಟ್ಟು, ನೂಪುಟ್ಟು, ನಮಗೆ ಕೋಳಿ ಸಾರು, ಶುಕ್ರವಾರ ಅಂತ ಅಮ್ಮನಿಗೆ ಸಿಹಿಗುಂಬಳದ ಕರಿ. ಅಕ್ಕಿ ತರಿಯಲ್ಲಿ ಹಬೆಯ ಮೇಲೆ ಬೇಯಿಸಿದ ಕಡಂಬುಟ್ಟನ್ನ ಅಪ್ಪ ಬೆರಳಲ್ಲಿ ಒತ್ತಿ ನೋಡಿ, "ಇದೂ ಮುದ್ದೆನೇ ಕಣ್ಲಾ, ಬೆಳ್ಳಗಿರ ಮುದ್ದೆ" ಅಂತ ಘೋಷಿಸಿದರು. ಸಕ್ಕರೆ ಜ್ಞಾಪಕ ಮಾಡಿದ್ದಕ್ಕೆ ಎರಡಕ್ಕೆ ನಿಲ್ಲಿಸಿದರು.

ಬಡಿಸ್ತಿದ್ದ ಆಕೆ ಅಮ್ಮನ ತಟ್ಟೆ ಖಾಲಿಯಾದದ್ದನ್ನ ದೂರದಿಂದಲೇ ನೋಡಿ ಬಂದು, "ಇನ್ನೊಂದು ಹಾಕಲಾ ಅಮ್ಮ?" ಅಂದರು.

ಅಮ್ಮ ಬೇಡ ಅಂತ ತಟ್ಟೆಗೆ ಕೈ ಅಡ್ಡ ಹಿಡಿದರು. ಆಕೆ, "ಅಯ್ಯೋ, ನೀವು ಏನೂ ತಿಂದೇ ಇಲ್ಲ" ಅಂತ ಕೈ ಸರಿಸಿ ನೂಪುಟ್ಟು ಹಾಕಿ, ಮೇಲೊಂದು ಸೌಟು ಕರಿ ಹಾಕಿ ಹೋದರು. ಅಮ್ಮ ಅದನ್ನ ಪೂರ್ತಿ ತಿಂದರು. ಆಮೇಲೆ ಇನ್ನೊಂದು ಹಾಕಿಸಿಕೊಂಡರು. ಐದು ಜನಕ್ಕೆ ಬಿಲ್ಲು 1,180.

ನಮ್ಮಮ್ಮನಿಗೆ ಹೊರಗಿನ ಊಟ ಸೇರಲ್ಲ ಅಂತಲೇ ಇಷ್ಟು ವರ್ಷ ನಾನು ತಿಳ್ಕೊಂಡಿದ್ದೆ. ಅಮ್ಮನೂ ಹಾಗೇ ಹೇಳ್ತಿದ್ದರು. ಅರಸೀಕೆರೆಗೆ ಬ್ಯಾಂಕು, ಆಸ್ಪತ್ರೆ ಅಂತ ಹೋದಾಗ ಹೋಟೆಲಲ್ಲಿ ನನಗೆ ಮಸಾಲೆ ದೋಸೆ ಕೊಡಿಸಿ, "ನಂಗೆ ಹಸಿವಿಲ್ಲ" ಅಂತ ಎದುರಿಗೆ ಕೂತಿರ್ತಿದ್ದರು. ಆದರೆ ಧರ್ಮಸ್ಥಳದ ಪಂಕ್ತಿಯಲ್ಲಿ, ಮದುವೆ ಮನೆಯ ಎಲೆ ಮುಂದೆ ಚೆನ್ನಾಗೇ ಉಣ್ಣೋದನ್ನ ನಾನು ನೋಡಿದೀನಿ. ಆ ಜಾಗಗಳಲ್ಲಿ ಕೂತ ಕಡೆಗೆ ಅನ್ನ ಬರ್ತಿತ್ತು. ಬೇಕಾ ಅಂತ ಕೇಳೋರಿದ್ದರು. ಬಫೆಯಲ್ಲಿ ಅಷ್ಟೊಂದು ಥರದ ಅಡುಗೆ ಇದ್ದರೂ ಅದೊಂದು ಇರಲಿಲ್ಲ.

*

ಸಂಜೆ ರಾಜಾಸೀಟಿನಲ್ಲಿ ಕೂತಿದ್ದೆವು. ಮಗಳು ತಾತನನ್ನ ಎಳ್ಕೊಂಡು ಐಸ್‌ಕ್ರೀಮು ಹುಡುಕಿಕೊಂಡು ಹೋಗಿದ್ದಳು. ಅಬ್ಬಿ ಜಲಪಾತ ತಪ್ಪಿಹೋಯ್ತಲ್ಲ ಅಂತ ಸಮಾಧಾನ ಮಾಡೋಕೆ ನಾನು ಅಮ್ಮನಿಗೆ, "ಅದೇನು ದೊಡ್ಡದಲ್ಲ ಬಿಡಮ್ಮ, ನೀನು ಜೋಗನೇ ನೋಡಿದೀಯ" ಅಂದೆ.

ಜೋಗಕ್ಕೆ ಹೋದಾಗ ನಾನು ಮೂರನೇ ಕ್ಲಾಸು. ಊರಿಂದ ಒಂದು ಟೆಂಪೊ ಮಾಡಿಕೊಂಡು, ಅಕ್ಕಿ, ಬೇಳೆ, ಸೌದೆ, ದೊಡ್ಡ ಪಾತ್ರೆಗಳನ್ನೆಲ್ಲ ಹಾಕ್ಕೊಂಡು ಇಪ್ಪತ್ತು ಜನ ಹೋಗಿದ್ದೆವು. ಹಳ್ಳಿಯವರ ಪ್ರವಾಸ ಅಂದ್ರೆ ಆಗ ಹಾಗೇ. ಎಲ್ಲಿ ನೆರಳು, ನೀರು ಇದೆಯೋ ಅಲ್ಲಿ ಮೂರು ಕಲ್ಲು ಹೂಡಿ ಅಡುಗೆ. ಗಂಡಸರು, ಮಕ್ಕಳು ಮೆಟ್ಟಿಲಿಳಿದು ಗುಂಡಿಯ ತನಕ ಹೋಗಿದ್ದೆವು. ನೀರಿನ ಹನಿ ಮುಖಕ್ಕೆ ಹೊಡೆದದ್ದು, ಹತ್ತಿ ಬರೋವಾಗ ಚಿಕ್ಕಪ್ಪ ನನ್ನನ್ನ ಹೆಗಲ ಮೇಲೆ ಕೂರಿಸಿಕೊಂಡದ್ದು, ಮೇಲೆ ಬಂದು ಬಿಸಿ ಬಿಸಿ ಅನ್ನ ಸಾರು ತಿಂದದ್ದು, ಎಲ್ಲ ನೆನಪಿದೆ. ಅಷ್ಟು ರುಚಿಯ ಸಾರು ಆಮೇಲೆ ತಿಂದಿಲ್ಲ ಅಂತ ಆಫೀಸಲ್ಲಿ ಎಷ್ಟು ಜನಕ್ಕೆ ಹೇಳಿದೀನೋ.

ಅಮ್ಮ ಹೇಳಿದರು, "ಜೋಗ ನಾನೆಲ್ಲಿ ನೋಡ್ದೆ? ಸದ್ದು ಕೇಳಿಸ್ತಿತ್ತು."

"ಅಂದ್ರೆ?"

"ಅನ್ನಕ್ಕೆ ಎಸರು ಇಟ್ಟಿದ್ವಿ. ನೀವು ಉಂಡು ಎದ್ದಮೇಲೆ ನಾವೂ ಉಂಡು, ಪಾತ್ರೆ ಬೆಳಗಿಟ್ಟು ನೋಡಕ್ಕೆ ಅಂತ ಹೋದೋ. ಅಷ್ಟೊತ್ಗೆ ಮಂಜು ಮುಚ್ಕಂಡಿತ್ತು. ಸದ್ದು ಚೆನ್ನಾಗಿ ಕೇಳಿಸ್ತಿತ್ತು ಕಣೋ. ನಿಮ್ಮಪ್ಪ ಹೊತ್ತಾಯ್ತು ಬನ್ನಿ ಅಂತ ಕೂಗಿದ್ರು."

ಹೇಳಿದ ಧಾಟಿಯಲ್ಲಿ ದೂರು ಇರಲಿಲ್ಲ. ಹಾಲು ಉಕ್ಕಿತು, ಕರೆಂಟು ಹೋಯ್ತು ಅನ್ನೋ ಹಾಗೆ ಹೇಳಿದರು. ನನ್ನ ಹೆಂಡತಿ ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ವಾಸಿ ಇತ್ತು.

253 ಮೀಟರಿನಿಂದ ಬೀಳೋ ನೀರು. ಅಲ್ಲಿವರೆಗೂ ಹೋಗಿ, ನಮ್ಮಮ್ಮ ಅದರ ಸದ್ದು ಕೇಳಿಸಿಕೊಂಡು ಬಂದಿದ್ದಾರೆ. ಆ ಟೆಂಪೊದಲ್ಲಿದ್ದ ಇನ್ನೂ ಏಳೆಂಟು ಜನ ಹೆಂಗಸರೂ ಅಷ್ಟೇ. ಇಪ್ಪತ್ತೆಂಟು ವರ್ಷ ನನಗೆ ಇದು ಗೊತ್ತಿರಲಿಲ್ಲ. ಗೊತ್ತಿಲ್ಲದೇನೇ ಆ ಸಾರನ್ನ ಹೊಗಳ್ತಾ ಬಂದಿದ್ದೆ.

*

ಆ ರಾತ್ರಿ ನಾನೇ ಅಡುಗೆ ಮಾಡ್ತೀನಿ ಅಂದೆ. ಇಬ್ಬರೂ ಬಾಲ್ಕನಿಯಲ್ಲಿ ಕೂರಬೇಕು, ಒಳಗೆ ಬರಬಾರದು ಅಂತ ನಿಯಮ. ಅಪ್ಪ ನನ್ನ ಅಸಿಸ್ಟೆಂಟು. ಅಪ್ಪ ಈರುಳ್ಳಿ ಹೆಚ್ಚಿದ್ದನ್ನ ನಾನು ಹುಟ್ಟಿದಾಗಿನಿಂದ ನೋಡಿರಲಿಲ್ಲ. ಎಳನೀರು ಕೊಚ್ಚೋ ಥರ ಕೊಚ್ಚಿದರು.

ಸೊಪ್ಪು ಬೇಳೆ ಸಾರು, ಮುದ್ದೆ. ಕೇಳೋಕೆ ಸುಲಭ. ಕುಕ್ಕರ್ ನಡೆಯಲ್ಲ, ಹಾಗಾಗಿ ಬೇಳೆ ಬೇಯೋಕೇ ಮುಕ್ಕಾಲು ಗಂಟೆ ಹಿಡೀತು. ಮುದ್ದೆ ವಿಷಯಕ್ಕೆ ಬಂದಾಗ ನನಗೆ ತಿಳಿದದ್ದು, ಇಂಡಕ್ಷನ್ ಒಲೆ ಮಾಡಿದವನು ಮುದ್ದೆ ತಿಂದವನಲ್ಲ. ಊರಲ್ಲಿ ಪಾತ್ರೆ ಅಲ್ಲಾಡದ ಹಾಗೆ ಕವೆಗೋಲು ಕೊಟ್ಟು ಒತ್ತಿ ಹಿಡಿದು ತಿರುವ್ತಾರೆ. ಇಲ್ಲಿ ನಯವಾದ ಗಾಜಿನ ಮೇಲೆ ಹಗುರ ಪಾತ್ರೆ. ಕೋಲು ಹಾಕಿ ಒಂದು ಸುತ್ತು ತಿರುವಿದರೆ ಹಿಟ್ಟಿನ ಜೊತೆ ಪಾತ್ರೆನೂ ಸುತ್ತುತ್ತೆ. ಒಲೆಯಿಂದ ಒಂದು ಚೂರು ಜರುಗಿದರೆ ಕುಯ್ ಅಂತ ಕಿರುಚಿ ಆಫ್ ಆಗುತ್ತೆ. ಕೊನೆಗೆ ಅಪ್ಪ ರೆಸಾರ್ಟಿನ ಬಿಳಿ ಟವೆಲ್ಲನ್ನ ಎರಡೂ ಕೈಗೆ ಸುತ್ತಿಕೊಂಡು ಪಾತ್ರೆ ಹಿಡಿದರು, ನಾನು ತಿರುವಿದೆ. ಮಗಳು ಸ್ಟೂಲ್ ಮೇಲೆ ನಿಂತು ಚಪ್ಪಾಳೆ ತಟ್ಟಿದಳು.

ಅಮ್ಮ ನಾಲ್ಕು ಸಲ ಒಳಗೆ ಬಂದರು. ಒಂದು ಸಲ ನೀರು ಕುಡಿಯೋಕೆ, ಒಂದು ಸಲ ಶಾಲು ಮರೆತೆ ಅಂತ, ಎರಡು ಸಲ ನೆವ ಏನೂ ಇಲ್ಲದೆ. ಆಮೇಲೆ ಬರಲಿಲ್ಲ. ಏನಾಯ್ತು ಅಂತ ಬಗ್ಗಿ ನೋಡಿದರೆ, ನನ್ನ ಹೆಂಡತಿ ಅಮ್ಮನ ಕೈ ಹಿಡ್ಕೊಂಡು ಕೂತಿದ್ದಾಳೆ. ಎದ್ದು ಓಡಿಹೋಗದ ಹಾಗೆ ಹಿಡಿದಿದ್ದಾಳೋ, ಸುಮ್ಮನೆ ಹಿಡಿದಿದ್ದಾಳೋ ತಿಳೀಲಿಲ್ಲ. ಇಬ್ಬರೂ ಏನಕ್ಕೋ ಜೋರಾಗಿ ನಗ್ತಿದ್ದರು. ನನ್ನ ಬಗ್ಗೆಯೇ ಇರಬೇಕು.

ಮುದ್ದೆಯಲ್ಲಿ ಗಂಟಿದ್ದವು. ಅಪ್ಪ ಮುರಿದು, ಒಳಗಿನ ಹಸಿ ಹಿಟ್ಟು ನೋಡಿ, "ಪರವಾಗಿಲ್ಲ, ಗಂಟಿದ್ರೆ ಹಸಿವು ತಡೀತದೆ" ಅಂದರು. ನಾನು ಬಡಿಸಿದೆ. ಅಮ್ಮನಿಗೆ ಸಾರು ಹಾಕ್ತಾ ಇನ್ನೊಂದು ಸೌಟು ಹಾಕಲಾ ಅಂತ ಕೇಳಿದೆ. ಅಮ್ಮ ತಟ್ಟೆಗೆ ಕೈ ಅಡ್ಡ ಹಿಡಿದರು. ನಾನು ಕೈ ಸರಿಸಿ ಹಾಕಿದೆ.

ಇಲ್ಲಿಗೆ ಈ ಲೇಖನ ಮುಗಿಸಬಹುದಿತ್ತು, ನಾನು ಒಳ್ಳೆಯವನಾಗಿ ಉಳೀತಿದ್ದೆ. ಆದರೆ ಶನಿವಾರ ಬೆಳಿಗ್ಗೆ ಐದೂವರೆಗೆ ಮತ್ತೆ ಪಾತ್ರೆ ಸದ್ದು. ಹೋಗಿ ನೋಡಿದರೆ, ರಾತ್ರಿ ನಾನು ಹಾಗೇ ಬಿಟ್ಟು ಮಲಗಿದ್ದ ಮುದ್ದೆ ಪಾತ್ರೆಯನ್ನ ಅಮ್ಮ ಉಜ್ಜುತ್ತಿದ್ದಾರೆ. ಒಣಗಿದ ರಾಗಿ ಹಿಟ್ಟು ಸಿಮೆಂಟಿಗಿಂತ ಗಟ್ಟಿ ಅಂತ ತಿಂದವರಿಗೆ ಗೊತ್ತಿರಲ್ಲ, ತೊಳೆದವರಿಗೆ ಗೊತ್ತು. ಪಕ್ಕದಲ್ಲಿ ಹೆಂಡತಿ ಒರೆಸಿ ಇಡ್ತಿದ್ದಾಳೆ.

"ಅಡುಗೆ ಮಾಡೋದು ಅಂದ್ರೆ ಬರೀ ಒಲೆ ಮುಂದೆ ನಿಲ್ಲೋದು ಅಂದ್ಕೊಂಡ್ಯಾ?" ಅಂತ ಕೇಳಿದಳು. ನಾನು ಸ್ಕ್ರಬ್ಬರ್ ಇಸ್ಕೊಂಡೆ.

ಆ ದಿನ ತಲಕಾವೇರಿ, ಭಾಗಮಂಡಲ ನೋಡಿಕೊಂಡು, ಮಧ್ಯಾಹ್ನ ದಾರಿಯಲ್ಲಿ ಒಂದು ಹೋಟೆಲಲ್ಲಿ ಉಂಡೆವು, 960 ರೂಪಾಯಿ. ರಾತ್ರಿಗೆ ಮತ್ತೆ ರೆಸಾರ್ಟಿನ ಬಫೆ. ಆದರೆ ಈ ಸಲ ಒಂದು ಬದಲಾವಣೆ. ಅಪ್ಪನಿಗೆ ಏಳೂವರೆಗೇ ಒಂದು ಬಟ್ಟಲು ಸಾಂಬಾರು, ಪಲ್ಯ ಕೊಡೋಕಾಗುತ್ತಾ ಅಂತ ಮುಂಚೆನೇ ಕೇಳಿದೆ. ಕೊಟ್ಟರು, ಕೇಳಿದರೆ ಕೊಡ್ತಾರೆ ಅಂತ ಗೊತ್ತಾಯ್ತು. ಬೆಳಿಗ್ಗೆಯ ಎರಡು ಇಡ್ಲಿ ತೆಗೆದಿಟ್ಟಿದ್ದೆವು, ಅದರ ಜೊತೆ ಅವರ ಊಟ ಹೊತ್ತಿಗೆ ಮುಗೀತು. ಎಂಟಕ್ಕೆ ಅಮ್ಮನನ್ನ ಟೇಬಲ್ ಮುಂದೆ ಕೂರಿಸಿ, ನಾನೇ ತಟ್ಟೆ ಹಿಡ್ಕೊಂಡು ಹೋಗಿ ಒಂದೊಂದೇ ತಂದು ಬಡಿಸಿದೆ. ಅಮ್ಮ ಸಂಕೋಚದಿಂದ ಸುತ್ತ ನೋಡಿದರು. "ನೀನು ಕುತ್ಕಳಪ್ಪ, ಜನ ನೋಡ್ತಾರೆ." ಯಾರೂ ನೋಡ್ತಿರಲಿಲ್ಲ. ಅನ್ನ ಆಯ್ತು, ಸಾರಾಯ್ತು, ಹಪ್ಪಳ ಆಯ್ತು. ಜಾಮೂನು ಮೂರು ಸಲ ಹಾಕಿಸಿಕೊಂಡರು. ತೆರಿಗೆ ಸೇರಿ 1,003 ರೂಪಾಯಿ ಅಂತೂ ವಸೂಲಾಯ್ತು.

ವಾಪಸ್ ಬಂದಮೇಲೆ ಎಕ್ಸೆಲ್ ಶೀಟು ತೆಗೆದು ನೋಡಿದೆ. ಎರಡು ರಾತ್ರಿ ಬಫೆ, ಎರಡು ಹೊರಗಿನ ಊಟ, ಒಂದು ಸಂತೆ, ಒಂದು ಬುತ್ತಿ. ಒಟ್ಟು 12 ಸಾವಿರದ ಒಳಗೆ. ಅಂದ್ಕೊಂಡಿದ್ದರ ಅರ್ಧಕ್ಕಿಂತ ಕಮ್ಮಿ. ನೀವೂ ಅಪ್ಪ ಅಮ್ಮನನ್ನ ಕರ್ಕೊಂಡು ಹೋಗೋರಿದ್ದರೆ ಈ ಲೆಕ್ಕ ಉಪಯೋಗಕ್ಕೆ ಬರಬಹುದು, ಅದಕ್ಕೇ ಬರೆದೆ. ರೂಮಲ್ಲಿ ಅಡುಗೆ ಮಾಡಿದರೆ ದುಡ್ಡು ಉಳಿಯುತ್ತೆ, ಅದು ನಿಜ. ಆದರೆ ಆ ಉಳಿತಾಯ ಯಾರ ರಜೆಯಿಂದ ಕಟ್ ಆಗ್ತಿದೆ ಅನ್ನೋದಕ್ಕೆ ನನ್ನ ಶೀಟಿನಲ್ಲಿ ಕಾಲಮ್ಮೇ ಇರಲಿಲ್ಲ. ಕಿಚನೆಟ್ ಅನ್ನೋ ಫಿಲ್ಟರ್ ಒತ್ತೋ ಮುಂಚೆ ಅಲ್ಲಿ ನಿಲ್ಲೋದು ಯಾರು, ತೊಳೆಯೋದು ಯಾರು ಅಂತ ಮನೆಯಲ್ಲಿ ಒಂದು ಮಾತು ಆಡ್ಕೊಳ್ಳಿ. ನಿಲ್ಲೋದು ನೀವೇ ಆದರೆ ಧಾರಾಳವಾಗಿ ಒತ್ತಿ. ಅಲ್ಯುಮಿನಿಯಂ ಕುಕ್ಕರ್ ಮಾತ್ರ ಒಯ್ಯಬೇಡಿ.

ಇದನ್ನ ಬರೆದು ಹೆಂಡತಿಗೆ ಓದೋಕೆ ಕೊಟ್ಟೆ. ಪೂರ್ತಿ ಓದಿ, "ನೀನು ಒಂದು ರಾತ್ರಿ ಗಂಟಿರೋ ಮುದ್ದೆ ಮಾಡಿದ್ದಕ್ಕೆ ಒಂದು ಲೇಖನ. ಅತ್ತೆ ನಲವತ್ತು ವರ್ಷದಿಂದ ಮಾಡ್ತಿದಾರೆ" ಅಂತ ಫೋನ್ ವಾಪಸ್ ಕೊಟ್ಟಳು. ಅದಕ್ಕೂ ನನ್ನ ಹತ್ರ ಉತ್ತರ ಇಲ್ಲ.

ಮುಂದಿನ ಮಳೆಗಾಲ ಮುಗಿಯೋ ಹೊತ್ತಿಗೆ ಜೋಗಕ್ಕೆ ಹೋಗೋದು ಅಂತ ನಿಶ್ಚಯ ಆಗಿದೆ. ಮಂಜು ಮುಚ್ಚಿದರೆ ಸರಿಯೋ ತನಕ ಕಾಯಬೇಕು ಅಂತ ಎರಡು ದಿನ ಇಟ್ಕೊಂಡಿದೀನಿ. ಮೊನ್ನೆ ಫೋನಲ್ಲಿ ಅಮ್ಮನಿಗೆ ಹೇಳಿದೆ.

"ಅಲ್ಲಿ ಒಲೆ ಐತಾ?"

"ಇಲ್ಲಮ್ಮ. ಈ ಸಲ ಒಲೆ ಇಲ್ಲದ ರೂಮೇ ಹುಡುಕ್ತಿದೀನಿ."

ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಹಂಗಾರೆ ಹಿಟ್ಟು, ಕೋಲು ಬ್ಯಾಡ್ವಾ?" ಅಂದರು.

"ಬೇಡ."

"ಸರಿ ಬಿಡು. ದಾರಿಗೆ ಪುಳಿಯೋಗರೆ ಒಂದು ಕಟ್ಕೊತೀನಿ. ಅದಕ್ಕೆ ಬ್ಯಾಡ ಅನ್ಬೇಡಿ."

ಅದಕ್ಕೆ ಬೇಡ ಅನ್ನೋಕೆ ನಮ್ಮ ಮನೆಯಲ್ಲಿ ಯಾರೂ ಇಲ್ಲ. ಹಿಂದಿನ ದಿನವೇ ಊರಿಗೆ ಬರ್ತೀನಿ, ಕಲಸೋದು, ಪಾತ್ರೆ ತೊಳೆಯೋದು ಎರಡೂ ನಂದೇ ಅಂತ ಹೇಳಿ ಫೋನ್ ಇಟ್ಟೆ.